ಬೀಗರು ತಂದ ಗಾಳದ ಕೋಲು

ಯಲಬುರ್ಗಾ
೨೩ ನವೆಂಬರ್ ೨೦೨೫, ರವಿವಾರ

ಪ್ರೀತಿಯ ಮಗಳು ದಾನೇಶ್ವರಿಗೆ ನಿನ್ನ ಅಪ್ಪನ ನೂರು ಆಶೀರ್ವಾದ.

ದಾನವ್ವಾ, ಹೇಗಿದ್ದೀ? ಆಸ್ಪತ್ರೆಯಲ್ಲಿ ನೈಟ್ ಡ್ಯೂಟಿ ಮುಗಿದು ಡೇ ಡ್ಯೂಟಿ ಬಂತೋ ಇಲ್ಲವೋ? ಚಿನ್ನಿಯ ಕೆಮ್ಮು ಕಡಿಮೆಯಾಯಿತೇ? ಗೌರಿ ಹುಣ್ಣಿಮೆಗೆ ನಾನು ತಂದುಕೊಟ್ಟ ಸಕ್ಕರೆ ಆರತಿಯ ಆನೆಯನ್ನು ಅದು ಸೊಂಡಿಲಿನಿಂದ ಶುರು ಮಾಡಿ ಬಾಲದವರೆಗೆ ಒಂದೇ ದಿನದಲ್ಲಿ ಮುಗಿಸಿತ್ತು. ಕೆಮ್ಮು ಅದರದೇ ಇರಬೇಕು. ನಿನ್ನ ಅತ್ತೆ ಬೈಯುವುದಿದ್ದರೆ ನನ್ನನ್ನೇ ಬೈಯಲಿ, ಕೂಸನ್ನು ಬೇಡ. ಅಳಿಯಂದಿರು ಆರಾಮ ಇದ್ದಾರೆಂದು ತಿಳಿದಿದ್ದೇನೆ. ಇಲ್ಲಿ ಚಳಿ ಶುರುವಾಗಿದೆ. ಬೇವೂರಿನ ಹೊಲದಲ್ಲಿ ಕಡಲೆ ಗೇಣುದ್ದ ಬಂದಿದೆ, ಜೋಳ ಈ ಸಲ ಛಲೋ ಇದೆ. ನಿನ್ನ ತಮ್ಮ ವಿರುಪಾಕ್ಷಿಯ ಬೀಜ ಗೊಬ್ಬರದ ಅಂಗಡಿಗೆ ಗಿರಾಕಿ ಬರುತ್ತಿದ್ದಾರೆ. ನಿನ್ನವ್ವನ ಮೊಣಕಾಲು ಚಳಿಗೆ ಬಿಗಿಯುತ್ತದೆ. ನೀನು ಕೊಟ್ಟ ಎಣ್ಣೆಯನ್ನು ತಾನೇ ಹಚ್ಚಿಕೊಳ್ಳುತ್ತಾಳೆ, ನನಗೆ ಹಚ್ಚು ಎನ್ನುವುದಿಲ್ಲ. ಅವಳು ನನ್ನ ಜೊತೆ ಮಾತು ಬಿಟ್ಟು ಇವತ್ತಿಗೆ ಆರು ದಿನ. ಚಹಾ ತಂದು ಮುಂದೆ ಕುಕ್ಕಿ ಹೋಗುತ್ತಾಳೆ. ಯಾಕೆಂದು ಬರೆಯುವುದಕ್ಕೇ ಈ ಪತ್ರ.

ಕೈಯಲ್ಲಿ ಫೋನ್ ಇಟ್ಟುಕೊಂಡು ಅಪ್ಪ ಕಾಗದ ಬರೆಯುತ್ತಿದ್ದಾನಲ್ಲ, ತಲೆ ಕೆಟ್ಟಿತೇ ಎಂದು ನಗಬೇಡ. ಮೊನ್ನೆ ಮಂಗಳವಾರ ಸಂಜೆ ನೀನೇ ಫೋನ್ ಮಾಡಿದ್ದೆ. “ಅಪ್ಪಾ, ಮಾವನೋರು ಭಾಳ ಖುಷಿಯಾಗಿ ಬಂದಾರ. ಹೋಳಿಗಿ ಮ್ಯಾಲ ತುಪ್ಪ ಸುರದು ಸುರದು ಹಾಕಿದ್ರಂತಲ್ಲ, ಹೊಟ್ಟಿ ಇನ್ನೂ ಭಾರ ಐತಿ ಅಂತಾರ” ಎಂದು ನೀನು ಹೇಳಿದಾಗ ನಾನು “ಹೂಂ, ಬೀಗರು ಅಂದ ಮ್ಯಾಲ ಅಷ್ಟರ ಮಾಡಬೇಕಲ್ಲವಾ” ಎಂದುಬಿಟ್ಟೆ. ಎಂಥ ನಾಲಿಗೆ ನೋಡು ಇದು! ಫೋನಿನಲ್ಲಿ ನಿನ್ನ ದನಿ ಕೇಳಿದರೆ ಈ ನಾಲಿಗೆ ಮತ್ತೆ ಸುಳ್ಳಿನ ಕಡೆಗೇ ಹೊರಳುತ್ತದೆ. ಕಾಗದ ತಿರುಗಿ ಮಾತಾಡುವುದಿಲ್ಲ, ಹಾಗಾಗಿ ಕಾಗದ. ದಾನವ್ವಾ, ನಿನ್ನ ಮಾವ ನಮ್ಮ ಮನೆಯಲ್ಲಿ ಹೋಳಿಗೆ ಉಣ್ಣಲಿಲ್ಲ. ಒಂದು ತುತ್ತು ಅನ್ನವನ್ನೂ ಉಣ್ಣಲಿಲ್ಲ. ಉಪವಾಸ ಬಂದವರು ಉಪವಾಸವೇ ಹೋದರು. ಹಾಗೆ ಹೋಗುವಂತೆ ಮಾಡಿದವನು ನಾನು. ಇದನ್ನು ಬೇರೆಯವರ ಬಾಯಿಂದ ನೀನು ಕೇಳುವುದಕ್ಕಿಂತ ಮೊದಲು ನನ್ನಿಂದ ಕೇಳಬೇಕು. ಕೇಳಿದ ಮೇಲೆ ನಾನು ನಿಮ್ಮ ಮನೆಯ ಮೆಟ್ಟಿಲು ಹತ್ತಬಹುದೋ ಬಾರದೋ ನೀನೇ ಹೇಳಬೇಕು.

ಹಳೆಯದನ್ನು ಸ್ವಲ್ಪ ಕೆದಕುತ್ತೇನೆ, ಸಿಟ್ಟಾಗಬೇಡ. ಐದು ವರ್ಷದ ಹಿಂದೆ ನೀನು ಕುಮಟಾದಲ್ಲಿ ನರ್ಸ್ ಆಗಿದ್ದಾಗ ಅಲ್ಲಿಯ ಹುಡುಗನನ್ನು ಮೆಚ್ಚಿ ಬಂದು ಹೇಳಿದೆ. ಲಿಂಗ ಕಟ್ಟಿದ ಮನೆಯ ಹೆಣ್ಣನ್ನು ಮೀನು ತಿನ್ನುವ ಮನೆಗೆ ಹೇಗೆ ಕೊಡುವುದು ಎಂದು ನಿನ್ನ ದೊಡ್ಡಪ್ಪ ಗವಿಸಿದ್ದಪ್ಪ ಕುಣಿದಾಡಿದ. ಅವನಿಗಿಂತ ಎರಡು ಕೈ ಹೆಚ್ಚು ನಾನು ಕುಣಿದೆ. ಕಡೆಗೆ ನಿನ್ನವ್ವನ ಹಟಕ್ಕೆ ಒಪ್ಪಿದೆನಾದರೂ ಒಂದು ಷರತ್ತು ಹಾಕಿದೆ, ನೆನಪಿದೆಯಲ್ಲ? ಮಗಳ ಮನೆಗೆ ಬರುತ್ತೇನೆ, ಆದರೆ ಅಲ್ಲಿ ಅನ್ನ ನೀರು ಮುಟ್ಟುವುದಿಲ್ಲ. ಬಂದಾಗಲೆಲ್ಲ ಬುತ್ತಿ ಕಟ್ಟಿಕೊಂಡು ಬಂದೆ. ಈ ಸಲವೂ ಇಪ್ಪತ್ತು ಕಟಿ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಒಂದು ಕ್ಯಾನ್ ನೀರು. ನೀರು ಕೂಡ! ಮೂವತ್ತೆರಡು ವರ್ಷ ಕಂಡಕ್ಟರಾಗಿ ಕಂಡಕಂಡ ಸ್ಟ್ಯಾಂಡಿನ ನಲ್ಲಿಗೆ ಬಾಯಿ ಹಚ್ಚಿ ಕುಡಿದವನು ನಾನು. ಮಗಳ ಮನೆಯ ನೀರಿಗೆ ಮಾತ್ರ ಮಡಿ ಬಂದಿತ್ತು.

ನಿನ್ನ ಮಾವ ಜಟ್ಟಪ್ಪನವರು ಇದಕ್ಕೆಲ್ಲ ಒಂದು ದಿನವೂ ಮುಖ ಸಣ್ಣದು ಮಾಡಿದವರಲ್ಲ. ಈ ಸಲ ನಾನು ಬರುತ್ತೇನೆಂದು ಹೊಸ ಪಾತ್ರೆ ತಂದಿದ್ದರಂತೆ. ನಾನೇ ನೋಡಿದೆ, ಸ್ಟಿಕ್ಕರ್ ಕೂಡ ಕಿತ್ತಿರಲಿಲ್ಲ. ಅದರಲ್ಲಿ ನೀನು ಬೇಳೆ ಸಾರು ಮಾಡಿ ಮುಂದೆ ಇಟ್ಟಾಗ “ಹೊಟ್ಟಿ ಸರಿ ಇಲ್ಲ” ಎಂದು ರೊಟ್ಟಿ ಮುರಿದೆ. ನಾನಿದ್ದ ಅಷ್ಟೂ ದಿನ ನಿನ್ನ ಅತ್ತೆ ಮೀನಿನ ಅಡುಗೆಯನ್ನು ಹಿತ್ತಲಿನ ಒಲೆಯಲ್ಲಿ ಮಾಡಿದರು, ವಾಸನೆ ಅಡುಗೆಮನೆಗೆ ಬರಬಾರದೆಂದು. ಇದೂ ನನಗೆ ಗೊತ್ತಿತ್ತು. ಗೊತ್ತಿಲ್ಲದವನ ಹಾಗೆ ಪಡಸಾಲೆಯಲ್ಲಿ ಕಾಲ ಮೇಲೆ ಕಾಲು ಹಾಕಿ ಪೇಪರ್ ಓದುತ್ತಿದ್ದೆ.

ಇನ್ನು ಗಾಳದ ಸಂಗತಿ. ಅರ್ಧ ನಿನಗೆ ಗೊತ್ತು, ಉಳಿದರ್ಧ ಗೊತ್ತಿಲ್ಲ. ಬೀಗರು ಲೈನ್‌ಮನ್ ಕೆಲಸದಿಂದ ರಿಟೈರ್ ಆದವರು, ಮೀನು ಮಾರುವವರಲ್ಲ. ಹೊತ್ತು ಹೋಗಲಿ ಎಂದು ಗಾಳ ಹಾಕುವವರು. ಮೊದಲ ದಿನ ಬೆಳಿಗ್ಗೆ ಅವರ ಜೊತೆ ಸುಮ್ಮನೆ ವಾಕಿಂಗ್ ಎಂದು ನಿಮ್ಮ ಊರ ಹಿಂದಿನ ಗಜನಿಗೆ ಹೋದೆ. ಉಬ್ಬರದ ನೀರು ಒಳಗೆ ನುಗ್ಗಿ ಕೆರೆಯಾಗಿ ನಿಲ್ಲುವ ಆ ತಗ್ಗು ಗದ್ದೆಯನ್ನು ನೋಡಿ ನನಗೆ ನಮ್ಮ ಹೊಲದ ಒಡ್ಡೇ ನೆನಪಾಯಿತು. ನಮ್ಮ ಒಡ್ಡಿನಲ್ಲಿ ನೀರು ಕಾಣುವುದು ವರ್ಷಕ್ಕೆ ನಾಲ್ಕು ದಿನ, ಅದೇ ವ್ಯತ್ಯಾಸ. ಮಳೆಗಾಲ ಮುಗಿದು ನೀರು ತಿಳಿಯಾಗಿತ್ತು, ಮೇಲೆ ತೆಳ್ಳಗೆ ಮಂಜು. ಬೀಗರು ಕೊಕ್ಕೆಗೆ ಸಿಗಡಿ ಸಿಕ್ಕಿಸಿ ಬಿದಿರಿನ ಕೋಲನ್ನು ನೀರಿನ ಮೇಲೆ ಚಾಚಿ ಒಡ್ಡಿನ ಮೇಲೆ ಕುಳಿತರು. ಒಂದು ತಾಸು ಮಾತಿಲ್ಲ. ನನಗೆ ಮಾತಿಲ್ಲದೆ ಒಂದು ತಾಸು ಇದ್ದು ಗೊತ್ತೇ ಇಲ್ಲ, ನಿನಗೆ ಗೊತ್ತಲ್ಲ! ಆಮೇಲೆ ಮೂಗು ಒರೆಸಿಕೊಳ್ಳುವ ನೆಪ ಮಾಡಿ “ಒಂಚೂರು ಹಿಡಕೊಳ್ಳಿ ಬೀಗ್ರೆ” ಎಂದು ಕೋಲನ್ನು ನನ್ನ ಕೈಗೆ ಕೊಟ್ಟರು. ಬೇಕೆಂದೇ ಕೊಟ್ಟರು ಎಂದು ಈಗ ಅನ್ನಿಸುತ್ತದೆ.

ಹಿಡಿದುಕೊಂಡೆ. ಅದೇ ಹೊತ್ತಿಗೆ ಕೆಳಗಿನಿಂದ ಒಂದು ಜಗ್ಗು ಬಂತು. ಹಳೆಯ ಬಸ್ಸುಗಳಲ್ಲಿ ಬೆಲ್ಲಿಗೆ ಹಗ್ಗ ಇರುತ್ತಿತ್ತಲ್ಲ, ಹಿಂದಿನ ಬಾಗಿಲಿನಿಂದ ಯಾರೋ ಅದನ್ನು ಎಳೆದ ಹಾಗೆ. ಮೂವತ್ತೆರಡು ವರ್ಷ ಹಗ್ಗದ ಈ ತುದಿಯಲ್ಲಿ ನಿಂತು ನಾನೇ ಎಳೆದವನು. ಆ ತುದಿಯಿಂದ ನನಗೇ ಯಾರೋ ಬೆಲ್ ಹೊಡೆದದ್ದು ಅದೇ ಮೊದಲು. ಮೈ ಜುಮ್ಮೆಂದಿತು ದಾನವ್ವಾ. ಬಂದದ್ದು ಅಂಗೈಯಷ್ಟು ಮೀನು. ಬೀಗರು ಅದರ ಬಾಯಿಂದ ಕೊಕ್ಕೆಯನ್ನು ಮೆಲ್ಲಗೆ ಬಿಡಿಸಿ ತಿರುಗಿ ನೀರಿಗೆ ಬಿಟ್ಟರು. “ಸಣ್ಣವು, ಇನ್ನೂ ಊರು ನೋಡ್ಬೇಕು ಮಾರಾಯ್ರೆ” ಎಂದರು. ಮರುದಿನ ಅವರು ಏಳುವ ಮೊದಲೇ ನಾನು ಎದ್ದು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದೆ. ವಾಕಿಂಗಿಗೆ ಎಂದು ನಿನಗೆ ಹೇಳಿದೆ. ನೀನು “ಅಪ್ಪಾಗ ಇಲ್ಲಿ ಗಾಳಿ ಹಿಡಿಸೈತಿ” ಎಂದು ನಿನ್ನ ಅತ್ತೆಗೆ ಹೇಳಿ ನಕ್ಕೆ.

ಒಂದು ಕೆಲಸ ಮಾಡಿದೆ, ಯಾರಿಗೂ ಹೇಳಿಲ್ಲ. ನಿನ್ನ ಮುಂದೆ ಹೇಳುವುದಕ್ಕೂ ನಾಚಿಕೆ. ಗಾಳ ಹಿಡಿಯುವ ಮೊದಲು ದಿನವೂ ಅಂಗಿಯೊಳಗೆ ಕೈ ಹಾಕಿ, ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ದಾರದ ಸಮೇತ ಸರಿಸಿ ಬೆನ್ನಿಗೆ ತಿರುಗಿಸಿಕೊಳ್ಳುತ್ತಿದ್ದೆ. ಶಿವನಿಗೆ ಕಾಣಬಾರದೆಂದು! ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ಬೀಗರು ಒಮ್ಮೆ ನೋಡಿದರು. ಅವತ್ತಿನಿಂದ ನಾನು ಅಂಗಿಗೆ ಕೈ ಹಾಕಿದ ಕೂಡಲೇ ಅವರು ಆಕಾಶದ ಕಡೆಗೆ ಮುಖ ಮಾಡಿ ಮೋಡ ನೋಡುತ್ತ ನಿಲ್ಲುತ್ತಿದ್ದರು. ಅಂಥ ಮನುಷ್ಯ.

ಹುಣ್ಣಿಮೆಯಾದ ಮೂರನೆಯ ದಿನ ಅಳಿಯಂದಿರ ಗೆಳೆಯನ ದೋಣಿಯಲ್ಲಿ ಸಮುದ್ರಕ್ಕೆ ಹೋದದ್ದು ನಿನಗೆ ಗೊತ್ತಿದೆ. ನೀನು ಚಳಿಗಾಳಿಗೆ ಹೆದರಿ ಎರಡೆರಡು ಜಾಕೆಟ್ ತೊಡಿಸಿ ಕಳಿಸಿದ್ದೆ. ದಡ ಗೆರೆಯಾಗುವಷ್ಟು ದೂರ ಹೋದೆವು. ಸಮುದ್ರ ಅಂದರೆ ಕುದಿಯುತ್ತಿರುತ್ತದೆ ಎಂದುಕೊಂಡಿದ್ದೆ. ಅದು ನಮ್ಮ ಎರೆ ಹೊಲ ಹರಗಿ ಬಿಟ್ಟ ಹಾಗೆ ಸಪಾಟಾಗಿ ಬಿದ್ದಿತ್ತು. ಚಳಿಗಾಲ ಬರುವ ಮುಂಚೆ ಹೀಗೆಯೇ ಇರುತ್ತದೆ, ದೊಡ್ಡ ಮೀನು ಮೇಲೆ ಬರುವುದು ಈಗಲೇ ಎಂದು ಬೀಗರು ಹೇಳಿದರು. ಅಲ್ಲಿ ಕೋಲಿಲ್ಲ, ಬರೀ ಕೈಯಲ್ಲಿ ದಾರ. ದೋಣಿ ಮೆಲ್ಲಗೆ ಹೋಗುತ್ತಿದ್ದಾಗ ನನ್ನ ದಾರ ಒಮ್ಮೆಲೇ ಸರ್ರೆಂದು ಓಡಿ ತೋರುಬೆರಳು ಸೀಳಿತು. ಬಿಡಲಿಲ್ಲ. ಬೀಗರು ಹಿಂದಿನಿಂದ ನನ್ನ ಸೊಂಟ ಹಿಡಿದುಕೊಂಡು “ಬಿಡಿ ಸ್ವಲ್ಪ, ಈಗ ಎಳೀರಿ, ಓಡ್ಲಿ, ಈಗ ಎಳೀರಿ” ಎನ್ನುತ್ತಿದ್ದರು. ಅರ್ಧ ತಾಸು. ನನ್ನ ತೋಳಿನಷ್ಟು ಉದ್ದದ ಇಸವಾಣ ಮೀನು! ಅಂಗಿಯೆಲ್ಲ ರಕ್ತ, ನನ್ನದೆಷ್ಟೋ ಅದರದೆಷ್ಟೋ. ನಾನು ಚಿಕ್ಕ ಹುಡುಗನ ಹಾಗೆ ಕೇಕೆ ಹಾಕಿದೆ. ಅಳಿಯಂದಿರು ಫೋಟೋ ತೆಗೆದರು. ದಡಕ್ಕೆ ಬಂದ ಮೇಲೆ ಬುದ್ಧಿ ಬಂತು. ಫೋಟೋ ಯಾರಿಗೂ ಕಳಿಸಬಾರದು, ನಮ್ಮೂರಲ್ಲಿ ಯಾರಿಗೂ ತಿಳಿಯಬಾರದು ಎಂದು ಅಳಿಯಂದಿರ ಕೈ ಹಿಡಿದುಕೊಂಡು ಕೇಳಿಕೊಂಡೆ. ಬೀಗರಿಗೆ ಹೇಳುವುದೇ ಮರೆತೆ. ಅವರು ಆಗ ಮೀನು ತೊಳೆಯುತ್ತಿದ್ದರು.

ಅವತ್ತು ಆ ಮೀನಿನ ಊಟ ನಿಮ್ಮ ಮನೆಯಲ್ಲಿ ಹಬ್ಬದ ಹಾಗೆ ಆಯಿತು. ನಾನು ಹಿಡಿದ ಮೀನು ಎಂದು ಬೀಗರು ಓಣಿಯ ನಾಲ್ಕು ಮನೆಗೆ ಹಂಚಿದರು. ನಾನು ಪಡಸಾಲೆಯಲ್ಲಿ ಕುಳಿತು ಸೆಟೆದುಹೋದ ರೊಟ್ಟಿಯನ್ನು ನೆನೆಸಿಕೊಂಡು ತಿಂದೆ. ಬೀಗರು ಮಾತ್ರ ನನ್ನ ಊಟ ಮುಗಿಯುವವರೆಗೆ ತಾವು ಎಲೆಗೆ ಕೈ ಹಾಕಲಿಲ್ಲ. ನಾನು ಹೊರಡುವ ದಿನ ಬಸ್ ಸ್ಟ್ಯಾಂಡಿಗೆ ಬಂದು, “ನಿಮ್ಗೊಂದು ಕೋಲು ಮಾಡ್ಕೊಡ್ತೆ ಬೀಗ್ರೆ, ನಮ್ಮ ಹಿತ್ತಲ ಬಿದಿರಂದೇ” ಎಂದರು. ಮಾತಿಗೆ ಎಂದುಕೊಂಡೆ.

ಅವರು ಮಾತಿಗೆ ಹೇಳಿರಲಿಲ್ಲ. ಕಾರ್ತಿಕದ ಕಡೆಯ ಸೋಮವಾರ ವಿರುಪಾಕ್ಷಿಯ ಅಂಗಡಿಯ ಪೂಜೆ ಇತ್ತಲ್ಲ, ನಿಮಗೆ ರಜೆ ಸಿಗಲಿಲ್ಲವೆಂದು ಬೀಗರು ಒಬ್ಬರೇ ಬಂದರು. ಕುಮಟಾದಿಂದ ಹುಬ್ಬಳ್ಳಿ, ಹುಬ್ಬಳ್ಳಿಯಿಂದ ಗದಗ, ಗದಗದಿಂದ ಇಲ್ಲಿಗೆ. ನಿದ್ದೆಯಿಲ್ಲ, ಅನ್ನವಿಲ್ಲ. ಹಿಂದಿನ ದಿನವೇ ನಿನ್ನವ್ವನಿಗೆ ಫೋನ್ ಮಾಡಿ “ನಿಮ್ಮ ಕೈ ಹೋಳಿಗೆ ತಿನ್ನೂಕೆ ಹೊಟ್ಟೆ ಖಾಲಿ ಇಟ್ಕಂಡು ಬತ್ತೆ” ಎಂದಿದ್ದರಂತೆ. ನಾನು ಅವರ ಮನೆಗೆ ಬುತ್ತಿ ಕಟ್ಟಿಕೊಂಡು ಹೋಗಿದ್ದೆ, ಅವರು ನಮ್ಮ ಮನೆಗೆ ಹಸಿವು ಕಟ್ಟಿಕೊಂಡು ಬಂದರು. ಪೂಜೆ ಮುಗಿದು ಅಂಗಡಿಯ ಮುಂದೆ ಜಮಖಾನ ಹಾಸಿ ಎಲ್ಲರೂ ಕುಳಿತಿದ್ದೆವು. ನಿನ್ನ ದೊಡ್ಡಪ್ಪ ನಡುವೆ ಲೋಡಿಗೆ ಒರಗಿದ್ದ. ಸುತ್ತ ಬೇವೂರಿನ ಕುಳಗಳು, ಕಾರಟಗಿಯಿಂದ ಬಂದ ನಿನ್ನ ಸೋದರಮಾವ, ಅಂಗಡಿ ಸಾಲಿನವರು, ಇಪ್ಪತ್ತು ಇಪ್ಪತ್ತೈದು ಮಂದಿ. ಬೀಗರು ಹೆಗಲಿಗೆ ಚೀಲ, ಕೈಯಲ್ಲಿ ಪೇಪರ್ ಸುತ್ತಿದ ಉದ್ದನೆಯ ಕೋಲು ಹಿಡಿದು ಬಂದರು. ನನ್ನನ್ನು ನೋಡಿದ ಕೂಡಲೇ ಆ ಮುಖ ಅರಳಿದ್ದನ್ನು ನೀನು ನೋಡಬೇಕಿತ್ತು. ಎಲ್ಲರಿಗೂ ಕೇಳುವ ಹಾಗೆ, “ಬೀಗ್ರೆ, ಬೆರಳು ವಾಸಿ ಆಯ್ತಾ? ಇಸವಾಣ ಕೊಯ್ದ ಬೆರಳು!” ಎಂದರು.

ಬೆರಳಿಗೆ ಬಟ್ಟೆ ಸುತ್ತಿತ್ತು. ತೆಂಗಿನಕಾಯಿ ಒಡೆಯುವಾಗ ತಾಗಿತೆಂದು ನಾನು ಎಲ್ಲರಿಗೂ ಹೇಳಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನಾನು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡೆ. ಇಸವಾಣ ಅಂದರೇನು ಎಂದು ಯಾರೋ ಕೇಳಿದರು. ಬೀಗರಿಗೆ ಉತ್ಸಾಹ. ಪೇಪರ್ ಬಿಚ್ಚಿ ಕೋಲು ತೋರಿಸಿದರು. ಎಷ್ಟು ಚಂದ ಮಾಡಿದ್ದರು ಅಂತೀ! ಗಂಟುಗಳನ್ನೆಲ್ಲ ಹೆರೆದು ನುಣ್ಣಗೆ ಮಾಡಿ, ಹಿಡಿಯುವ ಜಾಗಕ್ಕೆ ಕೆಂಪು ದಾರ ಸುತ್ತಿ, ಎಣ್ಣೆ ತಿಕ್ಕಿ ಹೊಳೆಯುವಂತೆ ಮಾಡಿದ್ದರು. “ನಿಮ್ಮ ತಮ್ಮ ನಮ್ಮ ಕಡೇಲಿ ಹುಟ್ಟಬೇಕಿತ್ತು, ಅಂಥಾ ಕೈ” ಎಂದು ದೊಡ್ಡಪ್ಪನಿಗೇ ಹೇಳಿದರು. ನಿನ್ನ ದೊಡ್ಡಪ್ಪ ಎದ್ದು ಕುಳಿತು, “ಏನಲೇ ಕಳಕ್ಯಾ? ಮೀನ ಹಿಡದೀ ಏನು? ಕೊಳ್ಳಾಗ ಏನೈತಿ ಅನ್ನೂದರ ಗೊತ್ತೈತಿಲ್ಲ ನಿನಗ?” ಎಂದ.

ಈಗ ಬರೆಯುವುದನ್ನು ಬರೆಯಲು ಮೂರು ಸಲ ಪೆನ್ನು ಕೆಳಗಿಟ್ಟೆ. ಹೌದು ಅಣ್ಣಾ, ಹಿಡಿದೆ, ತಪ್ಪಾಯಿತು ಎಂದಿದ್ದರೆ ಒಂದು ತಾಸು ಬೈಯುತ್ತಿದ್ದ, ಎರಡು ದಿನ ಮಾತು ಬಿಡುತ್ತಿದ್ದ, ಅಷ್ಟೇ. ನಾನು ಹಲ್ಲು ಕಿರಿದು, “ಛೇ ಛೇ, ನಾ ಯಾಕ ಹಿಡೀಲಿ ಅಣ್ಣಾ? ಹಿಡದವರು ಅವರು. ನನ್ನ ಸುಮ್ನ ದಂಡಿಗೆ ಕುಂದರಿಸಿದ್ರು” ಎಂದೆ. ಯಾರ ಮುಖದಲ್ಲೂ ನಂಬಿಕೆ ಕಾಣಲಿಲ್ಲ. ಆಗ ಬೀಗರ ಕಡೆ ನೋಡಿದೆ. ರಾತ್ರಿಯೆಲ್ಲ ಬಸ್ಸಿನಲ್ಲಿ ಕುಳಿತು ಬಂದವರ ಕಣ್ಣು ಕೆಂಪಾಗಿತ್ತು, ನಿಂತಲ್ಲೇ ಸ್ವಲ್ಪ ಜೋಲಿ ಹೊಡೆಯುತ್ತಿದ್ದರು. ನಾನು ಹೆಬ್ಬೆರಳನ್ನು ಬಾಯಿಯ ಕಡೆಗೆ ಎತ್ತಿ ತೋರಿಸಿ, “ಬೀಗರು ದಾರ್ಯಾಗ ಸ್ವಲ್ಪ ತಗೊಂಡಾರ, ಮನಸಿಗೆ ಹಚ್ಚಿಕೋಬ್ಯಾಡ್ರಿ” ಎಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ಒಂದು ತೊಟ್ಟು ಕುಡಿಯದ ಮನುಷ್ಯ! ಮೂವತ್ತೆರಡು ವರ್ಷ ಬಸ್ಸಿನಲ್ಲಿ ನಿಂತವನು ನಾನು. ನಿದ್ದೆಗೆಟ್ಟ ಕಣ್ಣು ಯಾವುದು, ಕುಡಿದ ಕಣ್ಣು ಯಾವುದು ಎಂಬುದು ಈ ತಾಲೂಕಿನಲ್ಲಿ ನನಗಿಂತ ಹೆಚ್ಚು ಯಾರಿಗೂ ಗೊತ್ತಿಲ್ಲ.

ಆಗ ಬೀಗರ ಅಂಗಿಯ ಜೇಬಿನಲ್ಲಿ ಫೋಟೋದ ತುದಿ ಕಾಣಿಸಿತು. ನೀಲಿ ಸಮುದ್ರ, ಅದರ ಮೇಲೆ ನೀನು ತೊಡಿಸಿದ ಹಳದಿ ಜಾಕೆಟ್ಟಿನ ತೋಳು. ನನಗೆ ಕೊಡಬೇಕೆಂದು ಪ್ರಿಂಟ್ ಹಾಕಿಸಿ ತಂದಿದ್ದರು. ಅದನ್ನು ಎರಡು ಬೆರಳಿನಲ್ಲಿ ಎಳೆದು ತೆಗೆದಿದ್ದರೆ ನನ್ನ ಕಥೆ ಅಲ್ಲೇ ಮುಗಿಯುತ್ತಿತ್ತು. ಅವರ ಕೈ ಜೇಬಿಗೆ ಹೋಯಿತು ಕೂಡ. ನನ್ನ ಮುಖ ನೋಡಿದರು. ನೋಡಿ, ಆ ಫೋಟೋವನ್ನು ಕೆಳಕ್ಕೆ ಒತ್ತಿ, ಮೇಲೆ ಅಂಗೈ ಇಟ್ಟುಕೊಂಡರು. “ಹೌದು ಹೌದು, ನಾನೇ ಹಿಡ್ದದ್ದು. ತಮಾಷೆಗೆ ಹೇಳ್ದೆ ಅಷ್ಟೆ. ಬೀಗ್ರು ಅಂಥವ್ರಲ್ಲ” ಎಂದರು. ಕುಡಿದಿಲ್ಲ ಎಂದು ಹೇಳಲಿಲ್ಲ. ಅದನ್ನೂ ತಮ್ಮ ತಲೆಯ ಮೇಲೆಯೇ ಹೊತ್ತುಕೊಂಡರು. ಕೋಲನ್ನು ಗೋಡೆಗೆ ಒರಗಿಸಿ, ಕೈಕಾಲು ತೊಳೆದುಕೊಂಡು ಬರುತ್ತೇನೆಂದು ಹೊರಗೆ ಹೋದರು.

ತಿರುಗಿ ಬರಲಿಲ್ಲ. ಮನೆಯಲ್ಲಿ ನಿನ್ನವ್ವ ಬೀಗರಿಗೆಂದು ದೊಡ್ಡ ಬಾಳೆ ಎಲೆ ತೊಳೆದಿಟ್ಟು, ಮೊದಲ ಹೋಳಿಗೆಯನ್ನು ಬೇರೆ ತೆಗೆದಿಟ್ಟು ಕಾಯುತ್ತಿದ್ದಳು. ಒಂದು ತಾಸಾದ ಮೇಲೆ ನಾನು ಬಸ್ ಸ್ಟ್ಯಾಂಡಿಗೆ ಓಡಿದೆ. ಗದಗದ ಗಾಡಿ ಆಗಷ್ಟೇ ಹೋಗಿತ್ತು. ಯಾರಯಾರಿಗೋ ಎಷ್ಟೋ ಸಲ ಬಸ್ಸು ನಿಲ್ಲಿಸಿ ಹತ್ತಿಸಿಕೊಂಡವನು ನಾನು, ನನಗಾಗಿ ಅವತ್ತು ಒಂದು ಬಸ್ಸು ನಿಲ್ಲಲಿಲ್ಲ. ಗೇಟಿನ ಹತ್ತಿರ ಹಣ್ಣು ಮಾರುವ ಹಜರತಬೀ ಕರೆದಳು. “ಕಂಡಕ್ಟರ್ ಸಾಹೇಬ್ರ, ನಿಮ್ಮ ಬೀಗರು ಭಾಳ ಛಲೋ ಮನಷ್ಯಾರ್ರೀ. ಇಲ್ಲೇ ಕುಂತು ಎರಡು ಬಾಳಿಹಣ್ಣು ತಿಂದ್ರು. ಊಟಾ ಆತೇನ್ರಿ ಅಂದ್ರ, ಹೋಳಿಗಿ ಊಟಾ ಜಾಸ್ತಿ ಆತವಾ, ಕರಗಲಿ ಅಂತ ಹಣ್ಣು ಅಂದ್ರು” ಎಂದಳು. ಅಪರಿಚಿತ ಹೆಂಗಸಿನ ಮುಂದೆಯೂ ನನ್ನ ಮಾನ ಕಾದರು ದಾನವ್ವಾ. ನಾನು ಅಲ್ಲೇ ಅವಳ ಬುಟ್ಟಿಯ ಪಕ್ಕದ ಕಟ್ಟೆಯ ಮೇಲೆ ಕುಳಿತೆ.

ನಿನ್ನವ್ವನಿಗೆ ಎಲ್ಲ ಹೇಳಿದೆ. ಅವಳು ಹೇಳಿದ್ದು ಎರಡೇ ಮಾತು, ಆಮೇಲೆ ಬಾಯಿಗೆ ಬೀಗ. “ಮೀನ ಹಿಡದದ್ದಕ್ಕ ಶಿವ ಒಂದಿನ ಸಿಟ್ಟಾಗ್ತಾನ. ಹಸದು ಬಂದವರನ್ನ ಕುಡುಕ ಅಂದು ಕಳಿಸಿದ್ದಕ್ಕ ಏಳು ಜನ್ಮ ಸಿಟ್ಟಾಗ್ತಾನ.” ತೆಗೆದಿಟ್ಟ ಹೋಳಿಗೆಯನ್ನು ಯಾರಿಗೂ ಕೊಡದೆ ಆಕಳಿಗೆ ತಿನ್ನಿಸಿದಳು. ಅವಳು ಹೇಳಿದ್ದು ಖರೆ. ಮೀನು ಹಿಡಿಯುವಾಗ ಲಿಂಗವನ್ನು ಬೆನ್ನಿಗೆ ತಿರುಗಿಸಿದ್ದೆ. ಅವತ್ತು ಅಂಗಡಿಯ ಮುಂದೆ ಸುಳ್ಳು ಹೇಳುವಾಗ ತಿರುಗಿಸುವುದು ನೆನಪೇ ಆಗಲಿಲ್ಲ, ಎದೆಯ ಮೇಲೆಯೇ ಇತ್ತು. ಆರು ದಿನದಿಂದ ಪೂಜೆಗೆ ಕುಳಿತು ಅಂಗೈಯಲ್ಲಿ ಇಟ್ಟುಕೊಂಡರೆ ಕಣ್ಣು ಎತ್ತಿ ನೋಡಲು ಆಗುತ್ತಿಲ್ಲ. ಕೋಲನ್ನು ಅಂಗಡಿಯಲ್ಲಿ ಗೊಬ್ಬರದ ಚೀಲಗಳ ಹಿಂದೆ ಬಚ್ಚಿಟ್ಟಿದ್ದೇನೆ. ಅದಕ್ಕೂ ನಾಚಿಕೆ.

ನೀನು ಏನು ಮಾಡುತ್ತೀ ನೋಡು. ಓದಿ ಹರಿದು ಹಾಕು, ಇಲ್ಲ ಬೀಗರ ಮುಂದೆ ಗಟ್ಟಿಯಾಗಿ ಓದು. ನಿನ್ನ ಗಂಡನಿಗೆ ತಿಳಿದರೆ ಅವನ ಮುಖ ನಾನು ಹೇಗೆ ನೋಡಲಿ? ಆ ಮನೆಯಲ್ಲಿ ನಿನ್ನ ಮರ್ಯಾದೆ ನನ್ನಿಂದ ಕಡಿಮೆಯಾಗಬಾರದು ಎನ್ನುವುದೊಂದೇ ನನ್ನ ಆಸೆ. ಬೀಗಿತ್ತಿಯವರಿಗೆ ನಮಸ್ಕಾರ ಹೇಳು. ಚಿನ್ನಿಗೆ ಅಜ್ಜನ ಮುತ್ತು. ಬೀಗರಿಗೆ ಏನು ಹೇಳಬೇಕೋ ನನಗೆ ತಿಳಿಯುತ್ತಿಲ್ಲ, ನಮಸ್ಕಾರ ಎಂದು ಬರೆಯಲೂ ಕೈ ಬರುತ್ತಿಲ್ಲ. ಚಳಿ ಬಂತು, ಬೆಳಿಗ್ಗೆ ಡ್ಯೂಟಿಗೆ ಹೋಗುವಾಗ ಕಿವಿಗೆ ಬಟ್ಟೆ ಕಟ್ಟಿಕೋ. ನೂರು ವರ್ಷ ಸುಖವಾಗಿ ಬಾಳು ತಾಯಿ.

ಇಂತಿ ನಿನ್ನ ತಪ್ಪಿತಸ್ಥ ಅಪ್ಪ,
ಕಳಕಪ್ಪ

ತಾ. ಕ.: ಮಂಗಳವಾರ ಬೆಳಿಗ್ಗೆ. ಎರಡು ದಿನ ಈ ಕಾಗದ ಜೇಬಿನಲ್ಲೇ ಇತ್ತು, ಡಬ್ಬಿಗೆ ಹಾಕಲು ಧೈರ್ಯ ಬಂದಿರಲಿಲ್ಲ. ನಿನ್ನೆ ಅಂಗಡಿಗೆ ಹೋಗಿ ಚೀಲದ ಹಿಂದಿನಿಂದ ಕೋಲು ತೆಗೆದು, ಒರೆಸಿ, ಗಲ್ಲಾದ ಮೇಲಿನ ಗೋಡೆಗೆ ಎರಡು ಮೊಳೆ ಹೊಡೆದು ಇಟ್ಟೆ. ಸಂಜೆ ನಿನ್ನ ದೊಡ್ಡಪ್ಪ ಬಂದ, ಜೊತೆಗೆ ನಾಲ್ಕು ಮಂದಿ. “ಯಾರದಲೇ ಇದು?” ಎಂದ. “ನಂದು ಅಣ್ಣಾ. ಮೀನ ಹಿಡದವ ನಾನು. ಕುಡದಾರ ಅಂತ ಸುಳ್ಳ ಹೇಳಿದವನೂ ನಾನು. ಬೀಗರು ಹಸದು ಬಂದಿದ್ರು” ಎಂದೆ. ಚಹಾ ಬಿಟ್ಟು ಎದ್ದು ಹೋದ. ಹೋಗಲಿ. ರಾತ್ರಿ ನಿನ್ನವ್ವ ಮೊಣಕಾಲಿಗೆ ಎಣ್ಣೆ ಹಚ್ಚು ಎಂದಳು.

ಬರುವ ಸೋಮವಾರ ಕುಮಟಾಕ್ಕೆ ಬರುತ್ತೇನೆ. ಮೀನು ತಿನ್ನುವುದಿಲ್ಲ, ಅದು ಈ ಹೊಟ್ಟೆಗೆ ಬಂದ ಅಭ್ಯಾಸವಲ್ಲ. ಆದರೆ ಬುತ್ತಿ ಕಟ್ಟಿಕೊಂಡು ಬರುತ್ತಿಲ್ಲ. ಆ ಹೊಸ ಪಾತ್ರೆ ಇಳಿಸಬೇಡ, ನೀವು ದಿನವೂ ಮಾಡುವ ಪಾತ್ರೆಯಲ್ಲೇ ಅನ್ನ ಸಾರು ಮಾಡು. ಬೀಗರು ಊಟಕ್ಕೆ ಏಳಿ ಅಂದರೆ ಅವರ ಪಕ್ಕದಲ್ಲಿ ಕುಳಿತು ಉಣ್ಣುತ್ತೇನೆ. ಅನ್ನದಿದ್ದರೆ ಅವರ ತಪ್ಪಿಲ್ಲ, ನೀನು ನಡುವೆ ಮಾತಾಡಬೇಡ. ನಿಮ್ಮ ಸ್ಟ್ಯಾಂಡಿನಲ್ಲಿ ಎರಡು ಬಾಳೆಹಣ್ಣು ತಿಂದು ತಿರುಗಿ ಬಸ್ಸು ಹತ್ತುತ್ತೇನೆ, ನಿನ್ನವ್ವ ಕೇಳಿದರೆ ಬೀಗರ ಮನೆಯಲ್ಲಿ ಹೊಟ್ಟೆ ತುಂಬ ಉಂಡೆ ಎಂದು ಹೇಳುತ್ತೇನೆ.